ಸಾಹೇಬರು ಮಾತಾಡಿಸಿದರು!

"ಸ್ವಲ್ಪ ಫ್ರೀ ಇದ್ರೆ ನನ್ನ ಚೇಂಬರ್‌ಗೆ ಬಂದು ಹೋಗಿ." ನಮ್ಮ ಆಫೀಸುಗಳಲ್ಲಿ ಇದಕ್ಕಿಂತ ಭಯಂಕರವಾದ ಮಾತು ಇನ್ನೊಂದಿಲ್ಲ. ಫ್ರೀ ಇದ್ದರೆ ಹೋಗಬಹುದು, ಇಲ್ಲದಿದ್ದರೆ ಬಿಡಬಹುದು ಎನ್ನುವ ಹಾಗೆ ಕೇಳಿಸುತ್ತದೆ. ಹಾಗೆ ಬಿಟ್ಟವರನ್ನು ನಾನಂತೂ ಕಂಡಿಲ್ಲ. ಫೋನು ಕೆಳಗಿಟ್ಟು ಆ ಬಾಗಿಲು ಮುಟ್ಟುವಷ್ಟರಲ್ಲಿ ಮನುಷ್ಯನಿಗೆ ತನ್ನ ಸರ್ವೀಸಿನ ಪಾಪಗಳೆಲ್ಲ ಸಾಲಾಗಿ ನೆನಪಾಗುತ್ತವೆ. ಹೊಟ್ಟೆನೋವೆಂದು ರಜೆ ಬರೆದು ಷಡ್ಡಕನ ಮಗಳ ಮದುವೆಯಲ್ಲಿ ಹೋಳಿಗೆ ಊಟ ಹೊಡೆದದ್ದು ಗೊತ್ತಾಗಿಹೋಯಿತೇ? ಆ ಊಟದ ಫೋಟೊವನ್ನು ಯಾರಾದರೂ ಪುಣ್ಯಾತ್ಮರು ಸ್ಟೇಟಸ್‌ಗೆ ಹಾಕಿಬಿಟ್ಟರೇ? ಕಾಲರ್ ಸರಿಮಾಡಿಕೊಂಡು, ಕೈಗೊಂದು ಫೈಲು ಹಿಡಿದುಕೊಂಡು (ಯಾವ ಫೈಲಾದರೂ ಸರಿ, ಬರಿಗೈಯಲ್ಲಿ ಹೋಗಬಾರದು) ಒಳಗೆ ಹೋದರೆ ಸಾಹೇಬರು ಕೇಳುವುದೇನು? "ನಿಮ್ಮ ಸಾಗರದ ಕಡೆ ಒಳ್ಳೇ ಜೋನಿಬೆಲ್ಲ ಸಿಗುತ್ತಂತಲ್ರೀ?"

ಹೊರಗೆ ಬಂದವನ ಸುತ್ತ ಇಡೀ ಸೆಕ್ಷನ್ ಸೇರುತ್ತದೆ. "ಏನಂದ್ರು?" "ಏನಿಲ್ಲ ಮಾರಾಯಾ, ಬೆಲ್ಲದ ವಿಚಾರ." ಯಾರೂ ನಂಬುವುದಿಲ್ಲ. ಬೆಲ್ಲದ ಹಿಂದೆ ವರ್ಗಾವಣೆ ಇರಬಹುದೇ, ಇನ್‌ಕ್ರಿಮೆಂಟ್ ಇರಬಹುದೇ ಎಂದು ಊಟದ ಡಬ್ಬಿ ಬಿಚ್ಚುವವರೆಗೂ ಚರ್ಚೆ ನಡೆಯುತ್ತದೆ. ಆದರೆ ಒಂದು ಗಮನಿಸಿ. ಬೆಲ್ಲದ ಮಾತಾಡಿ ಬಂದ ಆ ಮಹಾನುಭಾವ ವಾರಗಟ್ಟಲೆ ಮೇಜಿನ ಮೇಲೆ ಮಲಗಿದ್ದ ಕಡತವನ್ನು ಅವತ್ತು ಮಧ್ಯಾಹ್ನವೇ ಎಬ್ಬಿಸಿ ಮೇಲಕ್ಕೆ ಕಳಿಸಿರುತ್ತಾನೆ. ತಾನು ಸಾಗರದವನು ಎಂಬುದನ್ನು ಸಾಹೇಬರು ನೆನಪಿಟ್ಟುಕೊಂಡಿದ್ದಾರಲ್ಲ!

ಇದನ್ನು ನಾನು ಹೇಳಿದರೆ ಹರಟೆ, ಅಮೆರಿಕದವರು ಹೇಳಿದರೆ ಸಂಶೋಧನೆ. ಗ್ಯಾಲಪ್ ಅಂತ ಒಂದು ಸಂಸ್ಥೆ ಇದೆ. ಜಗತ್ತಿನ ನೌಕರರು ಮನಸ್ಸಿಟ್ಟು ದುಡಿಯುತ್ತಾರೋ ಇಲ್ಲವೋ ಎಂದು ವರ್ಷವರ್ಷವೂ ಅಳೆಯುವುದು ಅದರ ಕಸುಬುಗಳಲ್ಲಿ ಒಂದು. ಒಂದು ತಂಡ ಹುರುಪಿನಲ್ಲಿದ್ದು ಪಕ್ಕದ ತಂಡ ತೂಕಡಿಸುತ್ತಿದ್ದರೆ, ಆ ವ್ಯತ್ಯಾಸದಲ್ಲಿ ಶೇ 70ರಷ್ಟು ಮ್ಯಾನೇಜರ್ ತಲೆಗೇ ಬರುತ್ತದೆ ಎಂದು ಅದು 2015ರಲ್ಲಿ ಹೇಳಿತು. (ಹೀಗೆ ಲೆಕ್ಕ ಹೇಳುವ ಗ್ಯಾಲಪ್ಪೇ ಮ್ಯಾನೇಜರುಗಳಿಗೆ ತರಬೇತಿಯನ್ನೂ ಮಾರುತ್ತದೆ. ಅಷ್ಟು ತಿಳಿದುಕೊಂಡು ಓದಿ.) 2024ರಲ್ಲಿ ಇಡೀ ಜಗತ್ತಿನಲ್ಲಿ ಮನಸ್ಸಿಟ್ಟು ದುಡಿಯುವವರು ಶೇ 21 ಎಂದು ಅದರ ಅಂದಾಜು. ಅಂದರೆ ಸುಮಾರಾಗಿ ಐವರಲ್ಲಿ ಒಬ್ಬರು. ನಮ್ಮ ಸೆಕ್ಷನ್ನಿನಲ್ಲೂ ಸರಿಯಾಗಿ ಐದೇ ಜನ ಇದ್ದೆವು. ಆ ಒಬ್ಬರು ಯಾರು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಆ ಸಂಸ್ಥೆಯವರು ಕೇಳುವ ಹನ್ನೆರಡು ಪ್ರಶ್ನೆಗಳಲ್ಲಿ ಒಂದು ನನಗೆ ಬಹಳ ಇಷ್ಟ. ಕಳೆದ ಏಳು ದಿನಗಳಲ್ಲಿ ಒಳ್ಳೆಯ ಕೆಲಸಕ್ಕಾಗಿ ನಿಮ್ಮನ್ನು ಯಾರಾದರೂ ಹೊಗಳಿದರೇ? ಏಳು ದಿನ! ನಮ್ಮಲ್ಲಿ ಬೀಳ್ಕೊಡುಗೆ ಸಮಾರಂಭದವರೆಗೆ ಕಾಯುವ ಪದ್ಧತಿ. ಮೂವತ್ತು ವರ್ಷ ಬಾಯಿ ಬಿಡದ ಮೇಲಧಿಕಾರಿ ಅವತ್ತು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, "ಇವರಿಲ್ಲದೆ ಈ ಕಚೇರಿ ಹೇಗೆ ನಡೆಯುತ್ತದೋ" ಎಂದು ಗದ್ಗದರಾಗುತ್ತಾರೆ. ಅದಕ್ಕೂ ಮುಂಚೆ ಸಿಗಬಹುದಾದ ದೊಡ್ಡ ಬಿರುದು ಎಂದರೆ "ಪರವಾಗಿಲ್ಲ". ರಾತ್ರಿ ಹನ್ನೊಂದರವರೆಗೆ ಕೂತು ಅಂಕಿಅಂಶ ತಾಳೆ ಹಾಕಿ ವರದಿ ಒಯ್ದು ಕೊಟ್ಟರೆ ಸಾಹೇಬರು ಹಾಳೆ ತಿರುವಿ, ಕನ್ನಡಕ ತೆಗೆದು, "ಹ್ಞೂಂ, ಪರವಾಗಿಲ್ಲ" ಅಂದರು ಅನ್ನಿ, ಅವತ್ತು ಮನೆಗೆ ಜಿಲೇಬಿ ತರಬಹುದು.

ಇದೆಲ್ಲ ಹಳೇ ಕಾಲದ ಕಚೇರಿಯ ಕಥೆ, ಈಗಿನ ಕಂಪನಿಗಳಲ್ಲಿ ಹಾಗಿಲ್ಲ ಎಂದು ನನ್ನ ತಂಗಿಯ ಮಗ ವಾದ ಮಾಡುತ್ತಾನೆ. ಔಟರ್ ರಿಂಗ್ ರೋಡಿನಲ್ಲಿ ಅವನ ಸಾಫ್ಟ್‌ವೇರ್ ಕಂಪನಿ. ಅಲ್ಲಿ ಸಾಹೇಬರೂ ಇಲ್ಲ, ಸಾರ್ ಕೂಡ ಇಲ್ಲ. ಮ್ಯಾನೇಜರನ್ನು ಹೆಸರು ಹಿಡಿದೇ ಕರೆಯುತ್ತಾರೆ. ವಾರಕ್ಕೊಮ್ಮೆ 'ಒನ್ ಆನ್ ಒನ್' ಅಂತ ಅರ್ಧ ಗಂಟೆ ಮಾತಾಡಲೆಂದೇ ಕ್ಯಾಲೆಂಡರಿನಲ್ಲಿ ತೆಗೆದಿಟ್ಟಿರುತ್ತಾರೆ. ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಂದು ದಿನ ಆ ಮಾತುಕತೆ ನನ್ನ ಕಿವಿಗೂ ಬಿತ್ತು. ಕದ್ದು ಕೇಳಿದ್ದಲ್ಲ; ಎರಡು ರೂಮಿನ ಮನೆ, ಕದ್ದು ಕೇಳುವ ಅಗತ್ಯವೇ ಇಲ್ಲ.

"ಹೇಗಿದೀಯಾ?"

"ಗುಡ್."

"ಎಲ್ಲಾ ಓಕೆನಾ? ಏನಾದ್ರೂ ಪ್ರಾಬ್ಲಂ? ಓಪನ್ ಆಗಿ ಹೇಳು, ಇದು ನಿನ್ನ ಟೈಮು."

"ಏನಿಲ್ಲ, ಆಲ್ ಗುಡ್."

ಆ ಕಡೆಯಿಂದ ಕೀಲಿಮಣೆ ಟಕಟಕ ಕುಟ್ಟುವ ಸದ್ದು. ಪಾಪ, ಅವರು ಇವನ ಮಾತು ಕೇಳುತ್ತಲೇ ಇನ್ಯಾರಿಗೋ ಉತ್ತರ ಬರೆಯುತ್ತಿದ್ದಾರೆ.

"ಗ್ರೇಟ್. ಅಂದ ಹಾಗೆ, ಆ ಟಿಕೆಟ್ ಯಾವಾಗ ಕ್ಲೋಸ್ ಮಾಡ್ತೀಯಾ?"

ಉಳಿದ ಇಪ್ಪತ್ತೈದು ನಿಮಿಷ ಟಿಕೆಟ್ ಪುರಾಣ. ಕರೆ ಮುಗಿದ ಮೇಲೆ ಹುಡುಗ ಅಡುಗೆಮನೆಗೆ ಬಂದು ಡಬ್ಬಿಯಲ್ಲಿದ್ದ ಚಕ್ಕುಲಿ ಮುರಿಯುತ್ತಾ, "ಮಾಮ, ಆ ಪ್ರಾಜೆಕ್ಟಲ್ಲಿ ನಾನು ಮಾಡ್ತಿರೋ ಕೆಲಸಕ್ಕೂ ನಾನು ಕಲಿತದ್ದಕ್ಕೂ ಸಂಬಂಧಾನೇ ಇಲ್ಲ. ಬೇರೆ ಕಡೆ ನೋಡ್ತಿದೀನಿ" ಅಂದ. ಈ ಮಾತನ್ನು ಅಲ್ಲೇ ಹೇಳಬಾರದಿತ್ತೇ ಅಂದೆ. "ಅಲ್ಲಾ? ಏಪ್ರಿಲ್‌ನಲ್ಲಿ ಅಪ್ರೈಸಲ್ ಇದೆ ಮಾಮ!" ಎಂದು ನನ್ನ ಲೋಕಜ್ಞಾನಕ್ಕೆ ಮರುಗಿದ.

ವಿಲಿಯಂ ಕಾನ್ ಎಂಬ ಅಮೆರಿಕದ ಪಂಡಿತರು ಈ ವಿಷಯದ ಮೇಲೆ 1990ರಲ್ಲೇ ಒಂದು ಪ್ರಬಂಧ ಬರೆದರು. ಮಕ್ಕಳ ಬೇಸಿಗೆ ಶಿಬಿರದಲ್ಲೂ ಕಟ್ಟಡಗಳ ನಕ್ಷೆ ಮಾಡುವ ಒಂದು ಕಚೇರಿಯಲ್ಲೂ ಹೋಗಿ ಕೂತು, ಜನ ಯಾವಾಗ ಮನಸ್ಸು ಕೊಡುತ್ತಾರೆ, ಯಾವಾಗ ಮನಸ್ಸನ್ನು ಜೇಬಿಗೆ ಹಾಕಿಕೊಂಡು ಬರೀ ಕೈಕಾಲು ಆಡಿಸುತ್ತಾರೆ ಎಂದು ನೋಡಿದರು. ಮಾಡುವ ಕೆಲಸಕ್ಕೆ ಅರ್ಥ ಇರಬೇಕು, ಮೈಯಲ್ಲಿ ಕಸುವು ಉಳಿದಿರಬೇಕು, ಬಾಯಿಬಿಟ್ಟರೆ ತಲೆ ಹೋಗುವುದಿಲ್ಲ ಎಂಬ ಧೈರ್ಯ ಇರಬೇಕು: ಈ ಮೂರನ್ನು ಅವರು ಹೇಳಿದರು. ನಮ್ಮ ಹುಡುಗನಿಗೆ ಮೊದಲನೆಯದೂ ಇಲ್ಲ, ಮೂರನೆಯದೂ ಇಲ್ಲ. ಎರಡನೆಯದಕ್ಕೆ ಚಕ್ಕುಲಿ ಇದೆ.

ಮಾತಾಡಿಸುವುದರ ಮಹಿಮೆ ಪತ್ತೆಯಾದ ಕಥೆ ಇದಕ್ಕಿಂತ ಹಳೆಯದು, ರಸವತ್ತಾದದ್ದು ಕೂಡ. ಷಿಕಾಗೊ ಪಕ್ಕದ ಸಿಸೆರೊ ಎಂಬಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಟೆಲಿಫೋನು ಸಾಮಗ್ರಿ ಮಾಡುವ ಜಾಗ, ಸಾವಿರಾರು ಕೆಲಸಗಾರರು. ದೀಪದ ಬೆಳಕು ಜಾಸ್ತಿಯಾದರೆ ಕೆಲಸ ಜಾಸ್ತಿ ಆಗುತ್ತದೆಯೇ ನೋಡೋಣ ಎಂದು 1924ರಲ್ಲಿ ಶುರುಮಾಡಿದರು. ಬೆಳಕು ಹೆಚ್ಚಿಸಿದರು, ಕೆಲಸ ಹೆಚ್ಚಾಯಿತು. ಕಡಿಮೆ ಮಾಡಿದರು, ಆಗಲೂ ಹೆಚ್ಚಾಯಿತು. ಎಂಜಿನಿಯರುಗಳು ತಲೆ ಕೆರೆದುಕೊಂಡರು. 1927ರಲ್ಲಿ ಕೆಲವೇ ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಟೆಲಿಫೋನಿನ ರಿಲೇ ಜೋಡಿಸುವ ಕೆಲಸ ಕೊಟ್ಟು, ನಡುನಡುವೆ ಬಿಡುವು ಕೊಟ್ಟರು, ತಿಂಡಿ ಕೊಟ್ಟರು, ಬೇಗ ಮನೆಗೆ ಕಳಿಸಿ ನೋಡಿದರು. ಏನೇ ಬದಲಿಸುವ ಮುಂಚೆ ಆ ಹುಡುಗಿಯರನ್ನು ಕರೆದು, ಹೀಗೆ ಮಾಡೋಣವೇ ಎಂದು ಕೇಳುತ್ತಿದ್ದರು. ಕೊಟ್ಟ ಬಿಡುವನ್ನು ವಾಪಸು ಕಿತ್ತುಕೊಂಡಾಗಲೂ ವಾರದ ಉತ್ಪಾದನೆ ಕುಸಿಯಲಿಲ್ಲ. ಆಹಾ, ಬೆಳಕಲ್ಲ, ಬಿಡುವಲ್ಲ, ವಿಶ್ವಾಸದಿಂದ ಮಾತಾಡಿಸಿದ್ದೇ ಕಾರಣ ಎಂದು ಹಾರ್ವರ್ಡಿನ ಎಲ್ಟನ್ ಮೇಯೊ ಸಾಹೇಬರು ಸಾರಿದರು. ಅಂದಿನಿಂದ ಇಂದಿನವರೆಗೆ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಈ ಕಥೆ ತಪ್ಪಿದ್ದಿಲ್ಲ.

ಪಾಠದಲ್ಲಿ ಮೆಲ್ಲಗೆ ದಾಟಿಸಿಬಿಡುವ ಒಂದೆರಡು ವಿಷಯ ಇವೆ. ಆ ಹುಡುಗಿಯರ ಸಂಬಳದ ಲೆಕ್ಕವನ್ನೂ ಬದಲಿಸಿದ್ದರು. ದೊಡ್ಡ ವಿಭಾಗದ ಸರಾಸರಿ ಬಿಟ್ಟು ಆ ಸಣ್ಣ ಗುಂಪಿನ ದುಡಿಮೆಗೆ ತಕ್ಕ ಕಾಸು ಆ ಗುಂಪಿಗೇ ಸಿಗುತ್ತಿತ್ತು. ಕಾಸು ಹೆಚ್ಚಾದಾಗ ಕೈ ಚುರುಕಾಗುತ್ತದೆ ಎಂದು ತಿಳಿಯಲು ಹಾರ್ವರ್ಡಿನವರೇ ಬರಬೇಕಿರಲಿಲ್ಲ. ಇನ್ನೊಂದು ಇನ್ನೂ ಸ್ವಾರಸ್ಯ. 1928ರ ಆರಂಭದಲ್ಲಿ ಆ ಕೋಣೆಯಿಂದ ಇಬ್ಬರು ಹುಡುಗಿಯರನ್ನು ಎಬ್ಬಿಸಿ ಬೇರೆ ಇಬ್ಬರನ್ನು ತಂದು ಕೂರಿಸಿದರು. ಅವರ ಮೇಲಿದ್ದ ಆರೋಪ ಏನು ಗೊತ್ತೇ? ಕೆಲಸದ ಹೊತ್ತಿನಲ್ಲಿ ಬಹಳ ಮಾತಾಡುತ್ತಾರೆ! ಮಾತಿನ ಮಹಿಮೆಯನ್ನು ಲೋಕಕ್ಕೆ ಸಾರಿದ ಕೋಣೆಯಲ್ಲೇ ಮಾತಾಡಿದ್ದಕ್ಕೆ ಇಬ್ಬರ ಸೀಟು ಹೋಯಿತು. ಮೇಲಿನವರು ಆಡಿದರೆ ಸಂವಾದ, ಕೆಳಗಿನವರು ಆಡಿದರೆ ಹರಟೆ. ನಮ್ಮಂಥ ಹರಟೆಮಲ್ಲರಿಗೆ ಈ ನೋವು ಅರ್ಥವಾಗುತ್ತದೆ.

ಅದೇ ಕಾರ್ಖಾನೆಯಲ್ಲಿ 1928ರಿಂದ ಸುಮಾರು 21,000 ಕೆಲಸಗಾರರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು. ಮೊದಲು ಪ್ರಶ್ನೆಗಳ ಪಟ್ಟಿ ಹಿಡಿದು ಕೇಳುತ್ತಿದ್ದರು. ದೀಪ ಹೇಗಿದೆ, ಮೇಲ್ವಿಚಾರಕ ಹೇಗೆ, ಹೀಗೆ. ಜನ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ ತಮ್ಮದೇ ಶುರುಮಾಡಿಬಿಡುತ್ತಿದ್ದರು. ಕೊನೆಗೆ ಪಟ್ಟಿ ಎಸೆದು, ಬಾಯಿ ಮುಚ್ಚಿಕೊಂಡು ಕೇಳುವುದು ಎಂದು ತೀರ್ಮಾನಿಸಿದರು. ಅರ್ಧ ಗಂಟೆಯ ಭೇಟಿ ಒಂದೂವರೆ ಗಂಟೆಗೆ ಏರಿತು. ಒಬ್ಬಾಕೆಗೆ ತನ್ನ ಮೇಲ್ವಿಚಾರಕನನ್ನು ಕಂಡರೆ ಆಗುತ್ತಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ, ಆತ ತನ್ನ ಮಲತಂದೆಯ ಹಾಗೆ ಕಾಣುವುದೇ ಕಾರಣ ಎಂದು ಅವಳಿಗೇ ಹೊಳೆಯಿತಂತೆ. ಇನ್ನೊಬ್ಬಾಕೆ ಕ್ಯಾಂಟೀನಿನ ಊಟವನ್ನು ಚೆನ್ನಾಗಿ ಬೈದು ಹೋದಳು. ಕೆಲವು ದಿನ ಕಳೆದು ಭೇಟಿ ಮಾಡಿದವರು ಎದುರಾದಾಗ, "ಎಷ್ಟು ಬೇಗ ಸರಿಮಾಡಿಸಿದಿರಿ, ಈಗ ಊಟ ತುಂಬಾ ಚೆನ್ನಾಗಿದೆ" ಎಂದು ಕೃತಜ್ಞತೆ ಹೇಳಿದಳು. ಊಟದಲ್ಲಿ ಒಂದು ಕಾಳು ಉಪ್ಪೂ ಬದಲಾಗಿರಲಿಲ್ಲ.

ನೋಡಿ, ಇಲ್ಲೇ ಎಡವಟ್ಟಾದದ್ದು. ಈ ಊಟದ ಕಥೆ ಓದಿದ ಮ್ಯಾನೇಜರುಗಳಿಗೆ ಲಾಟರಿ ಹೊಡೆದಷ್ಟು ಸಂತೋಷ. ಕೇಳಿದರೆ ಸಾಕು, ಏನೂ ಮಾಡಬೇಕಾಗಿಲ್ಲ! ಖರ್ಚಿಲ್ಲದ ಪುಣ್ಯ. ಆಮೇಲೆ ಬಂತು ನೋಡಿ: ಟೌನ್‌ಹಾಲ್ ಮೀಟಿಂಗು, ಓಪನ್ ಡೋರ್ ಪಾಲಿಸಿ, ಬಾಸ್ ಜೊತೆ ಕಾಫಿ. ಕಾಫಿ ಕುಡಿಯುತ್ತಾ ನೀವು "ಸಾರ್, ಲೇಡೀಸ್ ಟಾಯ್ಲೆಟ್ಟಿನ ನಲ್ಲಿ ಬರ್ತಿಲ್ಲ" ಅಂದರೆ ಅವರು ಡೈರಿ ತೆಗೆದು ಬರೆದುಕೊಳ್ಳುತ್ತಾರೆ. ಮುಂದಿನ ಕಾಫಿಯಲ್ಲೂ ನೀವು ನಲ್ಲಿ ಅನ್ನುತ್ತೀರಿ, ಅವರು ಬರೆದುಕೊಳ್ಳುತ್ತಾರೆ. ಮೂರನೆಯ ಸಲಕ್ಕೆ ನೀವು ನಲ್ಲಿ ಬಿಟ್ಟು ಕಾಫಿಯನ್ನಷ್ಟೇ ಕುಡಿಯುತ್ತೀರಿ. ಉತ್ಸಾಹ ಸತ್ತದ್ದು ಆಗ. ಮೊದಲು ಯಾರೂ ಕೇಳುತ್ತಿಲ್ಲ ಎಂಬ ಬೇಸರ ಮಾತ್ರ ಇತ್ತು, ಈಗ ಕೇಳಿಯೂ ಮಾಡಲಿಲ್ಲ ಎಂಬುದೂ ಸೇರಿತು. ಅಂದ ಹಾಗೆ ಹಾಥಾರ್ನಿನ ಕಥೆಯೂ ಮಾತಿನಲ್ಲೇ ಮುಗಿಯಲಿಲ್ಲ. ಮಹಾ ಆರ್ಥಿಕ ಕುಸಿತ ಬಂದಾಗ ಮಾತುಕತೆಯ ಕಾರ್ಯಕ್ರಮವೂ ನಿಂತಿತು, ರಿಲೇ ಕೋಣೆಯೂ ಮುಚ್ಚಿತು, ಅಲ್ಲಿನ ಹೆಣ್ಣುಮಕ್ಕಳ ಕೆಲಸವೂ ಹೋಯಿತು.

ಕೇಳುವುದರಿಂದ ಏನೂ ಉಪಯೋಗವಿಲ್ಲ ಎಂದಲ್ಲ. ಅದಕ್ಕೆ ನಮ್ಮ ದೇಶದ್ದೇ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾಕ್ಷಿ ಇದೆ. ಸಂಬಳ ಏರಿತು, ಆದರೆ ಕಾದಿದ್ದಷ್ಟು ಏರಲಿಲ್ಲ, ಎಲ್ಲರ ಮುಖ ಸಪ್ಪೆ. ಆ ಹೊತ್ತಿನಲ್ಲಿ ಸಂಶೋಧಕರು ಕೆಲವು ಕೆಲಸಗಾರರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಹೆಸರು ಬರೆಯುವ ಅಗತ್ಯವಿಲ್ಲ, ಕೆಲಸ ಹೇಗಿದೆ, ನಿಮ್ಮ ಸೂಪರ್‌ವೈಸರ್ ಹೇಗೆ, ನಿಮಗೆ ತೃಪ್ತಿ ಇದೆಯೇ ಹೇಳಿ ಎಂದು ಕೇಳಿದರು. ಅಷ್ಟೇ. ಸಂಬಳ ಒಂದು ಪೈಸೆ ಹೆಚ್ಚಾಗಲಿಲ್ಲ. ಆದರೂ ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟು ಹೋದವರೂ ಕಡಿಮೆ, ಗೈರುಹಾಜರಾದವರೂ ಕಡಿಮೆ. ಯಾರಿಗೆ ನಿರಾಸೆ ಹೆಚ್ಚಾಗಿತ್ತೋ ಅವರಲ್ಲೇ ಈ ಪರಿಣಾಮ ಹೆಚ್ಚು. 2022ರಲ್ಲಿ ಇದು 'ಎಕನಾಮಿಕ್ ಜರ್ನಲ್'ನಲ್ಲಿ ಅಚ್ಚಾಯಿತು. ಓದಿ ನನಗೆ ಖುಷಿಯಾಗಲಿಲ್ಲ, ಸಂಕಟವಾಯಿತು. ಒಂದು ಸಲ ಕೇಳಿದ್ದಕ್ಕೇ ಇಷ್ಟು ಕರಗಬೇಕಾದರೆ ಅದಕ್ಕೂ ಮುಂಚೆ ಅವರನ್ನು ಕೇಳಿದವರಾದರೂ ಯಾರು?

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಿಗ್ಗೆ ಟೆಂಪೊಗೆ ಕಾಯುವಾಗ ಸಿಗುತ್ತಾಳೆ. "ಬೈಯೋದು ಬಿಡಿ ಅಣ್ಣ, ಅದು ಕಿವಿಗೆ ಅಭ್ಯಾಸ ಆಗೋಗಿದೆ. ಮಗೂಗೆ ಜ್ವರ, ಮಧ್ಯಾಹ್ನ ಬಿಡಿ ಅಂತ ಕೇಳಕ್ಕೋದ್ರೆ ನಮ್ಮ ಮುಖಾನೂ ನೋಡಲ್ಲ, ಬೆರಳಲ್ಲಿ ಬೋರ್ಡ್ ತೋರಿಸ್ತಾರೆ. ಗಂಟೆಗೆ ಎಷ್ಟು ಪೀಸ್ ಅಂತ ಅದ್ರಲ್ಲಿ ಬರ್ದಿರುತ್ತಲ್ಲ, ಅದು." ಅವಳ ಲೈನಿನ ಸೂಪರ್‌ವೈಸರ್‌ಗೂ ಮೇಲೊಬ್ಬ ಫ್ಲೋರ್ ಇನ್‌ಚಾರ್ಜ್ ಇದ್ದಾನೆ, ಅವನೂ ಇವನಿಗೆ ಬೋರ್ಡನ್ನೇ ತೋರಿಸುತ್ತಾನೆ. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಬೋರ್ಡು ನೋಡುವ ವ್ಯವಸ್ಥೆ ಅದು.

ನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಆಡಳಿತದವರೂ ಕೆಲಸಗಾರರೂ ಸಮಸಮ ಕೂತು ಮಾತಾಡಲು ಒಂದು ಸಮಿತಿ ಮಾಡಿಕೊಳ್ಳಿ ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆಯೇ ದಾರಿ ಮಾಡಿಕೊಟ್ಟಿತ್ತು. ಕಾಗದದ ಮೇಲೆ ಅಂಥ ಸಮಿತಿಗಳಿಗೇನೂ ಬರವಿರಲಿಲ್ಲ. ಆದರೆ 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಸುದ್ದಿ ಹಬ್ಬಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ಸಮಿತಿಗೂ ಹೋಗಲಿಲ್ಲ. ನಾಯಕರಿಲ್ಲ, ಕರೆ ಕೊಟ್ಟವರಿಲ್ಲ, ಸಾವಿರಾರು ಜನ ನೇರವಾಗಿ ಹೊಸೂರು ರಸ್ತೆಗೆ ಬಂದು ಕೂತರು. ಎರಡೇ ದಿನದಲ್ಲಿ ದೆಹಲಿ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅಷ್ಟು ಜನರ ಹೊಟ್ಟೆಯೊಳಗೆ ಏನಿತ್ತು ಎಂಬುದು ಅವರ ಲೈನುಗಳಲ್ಲಿ ದಿನವೂ ಓಡಾಡುವ ಒಬ್ಬ ಮೇಲ್ವಿಚಾರಕನಿಗಾದರೂ ಮೊದಲೇ ಗೊತ್ತಿತ್ತೇ ಎಂದು ಕೇಳಬೇಕೆನಿಸುತ್ತದೆ.

ಸರ್ಕಾರಿ ಕಚೇರಿಯವರು ನಗಬೇಡಿ. ನಿಮ್ಮಲ್ಲಿ ಮಾತುಕತೆಗೆ ಬೇರೆಯದೇ ಲಿಪಿ ಇದೆ. ವಿಷಯ ನಿರ್ವಾಹಕರು ನಾಲ್ಕು ಪುಟ ಟಿಪ್ಪಣಿ ಬರೆದು ಕಡತ ಮೇಲಕ್ಕೆ ಕಳಿಸಿದರೆ ಅಂಚಿನಲ್ಲಿ ಹಸಿರು ಶಾಯಿಯ ಒಂದೇ ಪದದೊಂದಿಗೆ ಅದು ವಾಪಸು ಬರುತ್ತದೆ: 'ಚರ್ಚಿಸಿ'. ಚರ್ಚಿಸಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಮರುದಿನ ವಿಡಿಯೊ ಕಾನ್ಫರೆನ್ಸು. ಆಮೇಲೆ ಸಚಿವರ ಪ್ರವಾಸ. ಹದಿನೈದು ದಿನ ಕಳೆದ ಮೇಲೆ ಬಾಗಿಲಲ್ಲೇ ಸಿಕ್ಕು, "ಏನ್ರೀ ಆ ಫೈಲು ಇನ್ನೂ ನಿಮ್ಮ ಹತ್ರಾನೇ ಇಟ್ಕೊಂಡಿದೀರಾ?" ಎನ್ನುತ್ತಾರೆ. ಇಷ್ಟಾದ ಮೇಲೂ ಮುಂದಿನ ಟಿಪ್ಪಣಿಯನ್ನು ನಾಲ್ಕು ಪುಟ ಬರೆಯುವ ನೌಕರ ಇದ್ದರೆ ಅವನಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು.

ಮಾತಾಡಿಸುವುದನ್ನು ಬಲ್ಲವರೂ ಇದ್ದಾರೆ, ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ನಮ್ಮ ಅತ್ತಿಗೆ ತಾಲ್ಲೂಕು ಊರಿನ ಬ್ಯಾಂಕ್ ಶಾಖೆಯಲ್ಲಿ ಕ್ಯಾಷಿಯರ್. ಅವರು ಈಗಲೂ ಹೊಗಳುವ ಒಬ್ಬ ಮ್ಯಾನೇಜರ್ ಇದ್ದರು. ಆ ಮನುಷ್ಯ ಯಾರನ್ನೂ ಕ್ಯಾಬಿನ್ನಿಗೆ ಕರೆಯುತ್ತಿರಲಿಲ್ಲ. ಸಂಜೆ ಕ್ಯಾಷ್ ಟ್ಯಾಲಿ ಆಗುವ ಹೊತ್ತಿಗೆ ತಾವೇ ಹೊರಗೆ ಬಂದು, ಕೌಂಟರ್ ಹಿಂದಿನ ಸ್ಟೂಲಿನ ಮೇಲೆ ಕೂತು, ಅಟೆಂಡರ್ ತಂದ ಟೀಯನ್ನು ಅವನ ಜೊತೆಯಲ್ಲೇ ಕುಡಿಯುತ್ತಾ, "ಮೇಡಂ, ಇವತ್ತು ಯಾರ್ಯಾರು ಜಗಳ ಆಡಿದ್ರು?" ಎಂದು ಕೇಳುತ್ತಿದ್ದರು. 'ಏನಾದರೂ ಸಮಸ್ಯೆ ಇದೆಯಾ' ಎಂದು ಕೇಳಿದರೆ ಇಲ್ಲ ಸಾರ್ ಅನ್ನಬಹುದು. ಯಾರು ಜಗಳ ಆಡಿದರು ಎಂದರೆ ಹೇಳದೆ ಇರಲು ಯಾರಿಂದ ಸಾಧ್ಯ? ಒಂದು ಸಂಜೆ ಅತ್ತಿಗೆ ಹೇಳಿದರು: ಪಿಂಚಣಿ ಬರುವ ದಿನ ಮುದುಕರೆಲ್ಲ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು, ಒಳಗೆ ಬರುವಷ್ಟರಲ್ಲಿ ತಲೆ ಕೆಟ್ಟು ನಮ್ಮ ಮೇಲೆ ರೇಗುತ್ತಾರೆ. ಮ್ಯಾನೇಜರ್ ಡೈರಿ ತೆಗೆಯಲಿಲ್ಲ. ಎದ್ದು ಹೋಗಿ ಅಟೆಂಡರ್ ಜೊತೆ ಸೇರಿ ಸ್ಟೇಷನರಿ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಎರಡು ಬೆಂಚು ಎಳೆದು ತಂದು ಎಟಿಎಂ ಪಕ್ಕದ ನೆರಳಿಗೆ ಹಾಕಿಸಿದರು. ಮರುತಿಂಗಳು ಪಿಂಚಣಿ ದಿನ ಅತ್ತಿಗೆ ಯಾರೂ ಹೇಳದೆಯೇ ಅರ್ಧ ಗಂಟೆ ಮೊದಲೇ ಹೋಗಿ ಕೌಂಟರ್ ತೆರೆದು ಕೂತರು. "ಅವರು ಕೇಳಿದ್ರು ಕಣೋ, ಕೇಳಿದ್ದನ್ನ ಮಾಡಿದ್ರು" ಅನ್ನುವಾಗ ಅವರ ದನಿಯಲ್ಲಿ ನಮ್ಮ ಅಣ್ಣನ ಬಗ್ಗೆ ಎಂದೂ ಇಲ್ಲದ ಗೌರವ ಇರುತ್ತದೆ.

ಆ ಮ್ಯಾನೇಜರಿಗೆ ವರ್ಗವಾಯಿತು, ಒಳ್ಳೆಯವರಿಗೆ ಬೇಗ ಆಗುತ್ತದೆ. ಅವರ ನಂತರ ಬಂದವರು ದೂರದ ರಾಜ್ಯದವರು. ಕನ್ನಡ ಬರುವುದಿಲ್ಲ, ಅತ್ತಿಗೆಗೆ ಹಿಂದಿ ಬರುವುದಿಲ್ಲ. ಇಬ್ಬರಿಗೂ ಬರುವುದು ಬ್ಯಾಂಕಿನ ಸರ್ಕ್ಯುಲರ್ ಇಂಗ್ಲಿಷು. ಸರ್ಕ್ಯುಲರ್ ಇಂಗ್ಲಿಷಿನಲ್ಲಿ ಜಗಳದ ಕಥೆ ಹೇಳಲು ಆಗುತ್ತದೆಯೇ? ಸಂಜೆ ಸ್ಟೂಲು ಖಾಲಿ.

ಇಷ್ಟೆಲ್ಲ ಬೈದದ್ದು ಸಾಹೇಬರುಗಳನ್ನು. ನಾವೇನು ಕಡಿಮೆ? ಸಾಹೇಬರು ನಿಜವಾಗಿಯೂ ಬಾಯಿಬಿಟ್ಟು ಕೇಳಿದ ದಿನ "ಎಲ್ಲಾ ನಿಮ್ಮ ಆಶೀರ್ವಾದ ಸಾರ್" ಎಂದು ಹಲ್ಲು ಕಿರಿದು ಬಂದು, ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಬೈಟು ಕಾಫಿ ಹಿಡಿದು ಆಡಳಿತ ಸುಧಾರಣೆಯ ಭಾಷಣ ಬಿಗಿಯುತ್ತೇವೆ. ರಾಜ್ಯದ ಎಷ್ಟು ಒಳ್ಳೆಯ ಸಲಹೆಗಳು ಆ ಟೀ ಅಂಗಡಿಗಳಲ್ಲೇ ಆವಿಯಾಗಿವೆಯೋ ಲೆಕ್ಕವಿಲ್ಲ. ಅಂಗಡಿಯವನು ಪಾಪ ಎಲ್ಲ ಕೇಳಿಸಿಕೊಳ್ಳುತ್ತಾನೆ, ಆದರೆ ಅವನಿಗೆ ನಮ್ಮ ಇನ್‌ಕ್ರಿಮೆಂಟ್ ಕೊಡುವ ಅಧಿಕಾರ ಇಲ್ಲ.

ಓದುಗರಲ್ಲಿ ಯಾರಾದರೂ ಮ್ಯಾನೇಜರು, ಹೆಡ್ಮಾಸ್ಟರು, ಡಿಪೊ ಮುಖ್ಯಸ್ಥರು, ಇಲಾಖೆಯ ಸಾಹೇಬರು ಇದ್ದರೆ ಒಂದು ಸಣ್ಣ ಕೋರಿಕೆ. ಸಂವಾದ, ಶಿಬಿರ, ಕಾಫಿ ಎಲ್ಲ ಆಮೇಲೆ ಮಾಡಿ. ನಿಮ್ಮ ಆಫೀಸಿನ ಮೆಟ್ಟಿಲ ಹತ್ತಿರ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ 'ಸಲಹಾ ಪೆಟ್ಟಿಗೆ' ಅಂತ ಒಂದು ಇರುತ್ತದಲ್ಲ, ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ನಾಳೆ ಬೆಳಿಗ್ಗೆ ಹೋದ ತಕ್ಷಣ ವಿಚಾರಿಸಿ. ಸಿಗದಿದ್ದರೆ ಒಡೆಸಿ.